ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಲಿ

ಮಾನ್ಯ ಸಂಪಾದಕರೆ,

ಬೇಸಿಗೆ ಬಂತೆಂದರೆ ‘ಚಲಿಸುತ್ತಿದ್ದ ಕಾರಿಗೆ ಬೆಂಕಿ’ ಎಂಬ ಸುದ್ದಿ ಆಗಾಗ ಓದುತ್ತೇವೆ. ಕೊನೆಯ ಸಾಲು ಹೆಚ್ಚಾಗಿ ಒಂದೇ: ಶಾರ್ಟ್ ಸರ್ಕ್ಯೂಟ್ ಶಂಕೆ. ಯಾವ ವೈರು, ಎಲ್ಲಿ ಶಾರ್ಟ್ ಆಯಿತು ಎಂದು ಯಾರೂ ಕೇಳುವುದಿಲ್ಲ. ಗಂಗಾವತಿಯಲ್ಲಿ 19 ವರ್ಷಗಳಿಂದ ಕಾರಿನ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಕಣ್ಣಾರೆ ಕಂಡ ಒಂದು ಜಾಗವನ್ನಾದರೂ ಓದುಗರಿಗೆ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಹೋದ ತಿಂಗಳು ಕಾರಟಗಿ ಕಡೆಯ ಹುಡುಗನೊಬ್ಬ ಕಾರು ತಂದ. “ಯಣ್ಣಾ, ಜೋರಾಗಿ ಹಾಡು ಹಚ್ಕೊಂಡು ಹೊಂಟ್ರ ಒಳಗ ಸುಟ್ಟ ವಾಸ್ನಿ ಬರ್ತೈತಿ ನೋಡು” ಅಂದ. ಡಿಕ್ಕಿಯಲ್ಲಿ ಹಾಡಿನ ಸದ್ದು ಹೆಚ್ಚಿಸುವ ದೊಡ್ಡ ಆಂಪ್ಲಿಫೈಯರ್, ದಪ್ಪ ದನಿಯ ಸ್ಪೀಕರ್ ಇರುವ ವೂಫರ್ ಡಬ್ಬಿ. ಬಾನೆಟ್ ಎತ್ತಿ ಬ್ಯಾಟರಿಯಿಂದ ಹೊರಟ ಕೆಂಪು ವೈರು ಹಿಡಿದುಕೊಂಡು ಹೋದೆ. ಎಂಜಿನ್ನಿಗೂ ಒಳಗಿನ ಸೀಟುಗಳಿಗೂ ನಡುವಿನ ತಗಡಿನಲ್ಲಿ ತೂತು ಕೊರೆದು ವೈರು ತೂರಿಸಿದ್ದರು, ರಬ್ಬರ್ ಬುಷ್ ಹಾಕಿರಲಿಲ್ಲ. ತಗಡಿನ ಅಂಚು ಪ್ಲಾಸ್ಟಿಕ್ಕನ್ನು ಕೊಯ್ದು, ಕೂದಲಿನಷ್ಟು ತೆಳ್ಳಗಿನ ನಾಲ್ಕೈದು ತಾಮ್ರದ ಎಳೆಗಳು ಹೊಳೆಯುತ್ತಿದ್ದವು. ಅವು ತಾಗಿದ ಕಡೆ ತಗಡು ಉದ್ದಿನಕಾಳಿನಷ್ಟು ಕಪ್ಪಾಗಿತ್ತು.

“ಫ್ಯೂಸ್ ಐತಲ್ಲಣ್ಣ” ಅಂದ ಹುಡುಗ. ಇತ್ತು, ಡಿಕ್ಕಿಯಲ್ಲಿ, ಆಂಪ್ಲಿಫೈಯರ್ ಪಕ್ಕದಲ್ಲಿ! ಕೂರಿಸಿದವರ ತಪ್ಪು ಅದೇ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ: ಕಾಲುವೆ ನಡುವೆ ಒಡೆದರೆ ಮೇಲಿನ ತೂಬು ಮುಚ್ಚಬೇಕು, ಕೆಳಗೆ ಗದ್ದೆಯ ಬಾಯಿ ಕಟ್ಟಿದರೆ ನೀರು ನಿಲ್ಲದು. ಹಿಂದಿರುವ ಫ್ಯೂಸ್ ಆಂಪ್ಲಿಫೈಯರನ್ನು ಕಾಯುತ್ತದೆ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಕಾರ್ಪೆಟ್ ಕೆಳಗೆ ಹರಿದ ನಾಲ್ಕೈದು ಮೀಟರ್ ವೈರಿಗೆ ಕಾವಲೇ ಇಲ್ಲ. 500 ವಾಟಿನ ಆಂಪ್ಲಿಫೈಯರಿಗೆ 12 ವೋಲ್ಟಿನಲ್ಲಿ 40 ಆಂಪಿಯರಿಗೂ ಹೆಚ್ಚು ಬೇಕು. ಕಾರಿನ ತಗಡು ಬ್ಯಾಟರಿಯ ಮೈನಸ್ ತುದಿಗೆ ಸೇರಿರುತ್ತದೆ, ಆ ವೈರು ಪೂರ್ತಿ ತಗಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತದೆ. ಆಗ ವೈರೇ ಒಲೆಯ ಕಾಯಿಲ್ ಆಗುತ್ತದೆ, ಮೇಲೆ ಕೂತವರು ನಮ್ಮ ಮಕ್ಕಳು. ಆದ್ದರಿಂದ ಫ್ಯೂಸ್ ಬ್ಯಾಟರಿಯಿಂದ ಒಂದು ಮೊಳದೊಳಗೆ ಇರಲೇಬೇಕು, ಅದೂ ವೈರಿನ ದಪ್ಪಕ್ಕೆ ತಕ್ಕದ್ದು.

ಆಂಪ್ಲಿಫೈಯರನ್ನು ಡಿಕ್ಕಿಯಲ್ಲಿ ಕೂರಿಸುವಾಗಲೂ ಅವಸರ ಬೇಡ. ಉದ್ದದ ಸ್ಕ್ರೂ ಒತ್ತುವ ಮೊದಲು ಕಾರಿನ ಅಡಿಗೆ ಬಗ್ಗಿ ನೋಡಲಿ. ಅನೇಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಸೀಟಿನ ಕೆಳಗೇ ಇರುತ್ತದೆ, ಅದರ ಪೈಪುಗಳೂ ಅಲ್ಲೇ ಹಾಯ್ದಿರುತ್ತವೆ. ಪ್ಲೈವುಡ್ ಹಲಗೆ ಭದ್ರ ಮಾಡಿ ಅದರ ಮೇಲೆ ಕೂರಿಸುವುದು ಲೇಸು. ವೂಫರ್ ಡಬ್ಬಿಯ ಮೇಲೆ ಕೂರಿಸಿದರೆ ಅದರ ನಡುಕಕ್ಕೆ ಆಂಪ್ಲಿಫೈಯರಿನೊಳಗಿನ ಬೆಸುಗೆ ಬಿಡಬಹುದು. ಆಂಪ್ಲಿಫೈಯರಿನಿಂದ ತಗಡಿಗೆ ಹೋಗುವ ಅರ್ತ್ ವೈರು ಗಿಡ್ಡವಿರಲಿ, ಪೇಂಟ್ ಕೆರೆದ ಬರೀ ತಗಡಿಗೆ ಬಿಗಿಯಲಿ, ಆದರೆ ಸೀಟ್ ಬೆಲ್ಟಿನ ಬೋಲ್ಟಿಗೆ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ನಿಂತ ಕಾರಿನ ಡಿಕ್ಕಿ ಮೊದಲೇ ಕಾದಿರುತ್ತದೆ. ಆಂಪ್ಲಿಫೈಯರ್ ಮೇಲೆ ಮದುವೆಯ ಹಾಸಿಗೆ ಗಂಟು, ಅಕ್ಕಿ ಚೀಲ ಒಟ್ಟಿದರೆ ಅದರ ಬಿಸಿ ಎಲ್ಲಿಗೆ ಹೋಗಬೇಕು?

ಹುಡುಗರಿಗೆ ಹಾಡಿನ ಆಸೆ ಇರುತ್ತದೆ, ಇರಲಿ. ಆಂಪ್ಲಿಫೈಯರಿಗೆ ಸಾವಿರಗಟ್ಟಲೆ ಕೊಡುವವರು ಒಳ್ಳೆಯ ವೈರು, ಫ್ಯೂಸಿಗೆ ಇನ್ನೊಂದಿಷ್ಟು ಕೊಡಲು ಹಿಂಜರಿಯಬಾರದು. ಅಂಗಡಿಯವರೂ ಅದನ್ನು ಗಿರಾಕಿಗೆ ಬಿಡಿಸಿ ಹೇಳಬೇಕು. ಈಗಾಗಲೇ ಹಾಕಿಸಿದವರು ಇವತ್ತೇ ಬಾನೆಟ್ ಎತ್ತಿ, ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ಹೊರಟ ದಪ್ಪ ವೈರಿನ ಮೇಲೆ ಒಂದು ಮೊಳ ಅಳೆದು ನೋಡಲಿ. ಅಷ್ಟರೊಳಗೆ ಫ್ಯೂಸ್ ಕಾಣದಿದ್ದರೆ ಬಲ್ಲವರಿಂದ ಆ ವೈರು ಬಿಚ್ಚಿಸಿ, ಫ್ಯೂಸ್ ಹಾಕಿಸುವವರೆಗೆ ಹಾಡಿಲ್ಲದೆ ಓಡಿಸಲಿ.

– ಒಬ್ಬ ಆಟೊ ಎಲೆಕ್ಟ್ರಿಷಿಯನ್, ಗಂಗಾವತಿ, ಕೊಪ್ಪಳ ಜಿಲ್ಲೆ