ತಕಿಟ ಹೇಳಿಕೊಟ್ಟ ಅಣ್ಣನಿಗೆ

ಗಿಟಾರ್ ತಂತಿ ಕೊಳ್ಳಲು ಅಂಗಡಿಗೆ ಬಂದಿದ್ದ ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ. ತುಂಬಾ ಥ್ಯಾಂಕ್ಸ್.

6/8 ಅನ್ನೋ ತಾಳದ ಗುರುತು ನೋಡಿದರೆ ಯಾರಿಗಾದರೂ ಆರು ಪೆಟ್ಟು ಅನ್ನಿಸುತ್ತದೆ, ಅಲ್ವಾ? ನೀವು ಗಾಜಿನ ಕೌಂಟರ್ ಮೇಲೆ ಬೆರಳು ಬಡಿದು ತೋರಿಸಿದಿರಿ: ಕಾಲಲ್ಲಿ ತಟ್ಟೋದು ಎರಡೇ ಪೆಟ್ಟು, ಒಂದೊಂದರೊಳಗೆ ಮೂರು. ‘ತಕಿಟ ತಕಿಟ’. ಒತ್ತು ಒಂದು ಮತ್ತು ನಾಲ್ಕರ ಮೇಲೆ. ಆಮೇಲೆ ಅದೇ ಆರನ್ನು ‘ತಕ ತಕ ತಕ’ ಮಾಡಿದಿರಿ. ವೇಗ ಅಷ್ಟೇ, ಆದರೆ ಮೂರು ಪೆಟ್ಟಿನ 3/4 ಆಗಿಬಿಟ್ಟಿತು! ಯಾವ ವಿಡಿಯೋದಲ್ಲೂ ಇದು ಇಷ್ಟು ಸಲೀಸಾಗಿ ಕಿವಿಗೆ ಬಿದ್ದಿರಲಿಲ್ಲ.

ಎರಡನೇ ತಕಿಟದ ಶುರುವಿಗೂ ತಂತಿ ಮೀಟುವ ಕೈ ಮೇಲಿಂದ ಕೆಳಗೇ ಬರಲಿ, ಇಲ್ಲದಿದ್ದರೆ ಒತ್ತು ಸೋರಿಹೋಗುತ್ತದೆ ಎಂದಿರಲ್ಲ, ಅದಂತೂ ಜಾಸ್ತಿ ಕೆಲಸಕ್ಕೆ ಬಂತು. ನಾಲ್ಕು ತಕಿಟದ 12/8ರ ಬ್ಲೂಸ್ ಶೈಲಿ ಈಗ ಕೈಗೆ ಹತ್ತಿದೆ. ಮೂರು ತಕಿಟದ 9/8 ಇನ್ನೂ ಸ್ವಲ್ಪ ಸತಾಯಿಸುತ್ತಿದೆ.