ಮಿಷನ್ ಸ್ಕೂಲಿನ ಮೇಷ್ಟ್ರುಗಳು: ಗೆಳೆಯನಿಗೊಂದು ಪತ್ರ

ಹಾಸನ

ಪ್ರೀತಿಯ ಗೆಳೆಯಾ,

ನಮ್ಮ ಮಿಷನ್ ಸ್ಕೂಲಿನ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ನೆನಪಿನ ಪುಸ್ತಕ ತರಬೇಕೆಂದಿದ್ದೇವೆ. ಮೊದಲ ಪ್ರಿನ್ಸಿಪಾಲರ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆಯುತ್ತಾ ಹೋದ ಹಾಗೆ ಒಂದು ಮಾತು ಮನಸ್ಸಿಗೆ ಹತ್ತಿತು, ಅದನ್ನು ನಿನಗೆ ಹೇಳಲೇಬೇಕು.

ನಮ್ಮ ಸ್ಕೂಲು ನಡೆಸಿದ ಮಿಷನ್ನಿನವರು, ಅಂದರೆ ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟ್ ಪಂಗಡದ ಪಾದ್ರಿಗಳು, ಬೆಂಗಳೂರಿಗೆ ಬಂದದ್ದು 1821ರಲ್ಲಿ. ಅವರಲ್ಲಿ ಕೆಲವರು ಕನ್ನಡಕ್ಕೆ ಎಷ್ಟು ದುಡಿದರು ನೋಡು. ನಮ್ಮ ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತವನ್ನು ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಅಚ್ಚು ಹಾಕಿಸಿದರು. ಜಾನ್ ಗ್ಯಾರೆಟ್ ಅದಕ್ಕೂ ಮೊದಲೇ, 1849ರಲ್ಲಿ, ಮಿಷನ್ನಿನ ಅಚ್ಚುಕೂಟದಲ್ಲೇ ಭಗವದ್ಗೀತೆ ಅಚ್ಚು ಮಾಡಿಸಿದ್ದರು. ಪಾದ್ರಿಯೊಬ್ಬರು ಆ ಕಾಲದಲ್ಲಿ ಗೀತೆ ಅಚ್ಚು ಹಾಕಿಸಿದ್ದು ನನಗೆ ದೊಡ್ಡ ಮನಸ್ಸಿನ ಕೆಲಸವಾಗಿಯೇ ಕಾಣುತ್ತದೆ. 1858ರಲ್ಲಿ ಶುರುವಾಗಿ ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ ಶಾಲೆಗೆ ಮೊದಲ ಪ್ರಿನ್ಸಿಪಾಲರೂ ಅವರೇ. ಇನ್ನು ಜೋಸಯ್ಯ ಹಡ್ಸನ್ ಕನ್ನಡ ಶಾಲೆಗಳಿಗಾಗಿ ಜೀವ ತೇಯ್ದವರು. ಬೆಂಗಳೂರಿನ ಹಡ್ಸನ್ ಸರ್ಕಲ್ ದಾಟುವಾಗಲೆಲ್ಲ ಅಲ್ಲಿನ ಕಲ್ಲಿನ ಚರ್ಚನ್ನು ಕಣ್ತುಂಬ ನೋಡುತ್ತೇನೆ.

ಆದರೆ ಗೆಳೆಯಾ, ಇವರಿಗೆಲ್ಲ ಷಟ್ಪದಿ ಬಿಡಿಸಿ ಹೇಳಿದವರು ಯಾರು? ನಮ್ಮ ಪಂಡಿತರು, ಅವರಿಗೆ ಭಾಷೆ ಕಲಿಸಿದ ನಮ್ಮ ಮುನ್ಷಿಗಳು. ನಮ್ಮ ಸ್ಕೂಲಿನ ಕಥೆಯೂ ಅದೇ ತಾನೆ. ಪ್ರಿನ್ಸಿಪಾಲರ ರೂಮಿನ ಹಲಗೆಯ ಮೇಲೆ ಪ್ರಿನ್ಸಿಪಾಲರಾಗಿದ್ದ ಬಿಳಿ ದೊರೆಗಳ ಹೆಸರು ಸಾಲಾಗಿವೆ. 1947ರಲ್ಲಿ ಬೇರೆಬೇರೆ ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆ, ಅಂದರೆ ಸಿ.ಎಸ್.ಐ., ಆಗಿ ಶಾಲೆ ಅದರ ಪಾಲಾದ ಮೇಲೆ ನಮ್ಮವರ ಹೆಸರೂ ಬಂದವು, ಅವೂ ಪ್ರಿನ್ಸಿಪಾಲರವೇ. ಮೇಷ್ಟ್ರುಗಳ ಹೆಸರಿಗೆ ಹಲಗೆಯೇ ಇಲ್ಲ.

ನಮ್ಮ ಕನ್ನಡ ಪಂಡಿತರನ್ನು ನೆನೆಸಿಕೋ. ಕಚ್ಚೆಪಂಚೆ, ಕರಿ ಕೋಟು, ಹಣೆಯಲ್ಲಿ ಅಕ್ಷತೆ. ಪ್ರಾರ್ಥನೆಯ ಹೊತ್ತಿಗೆ ಬಾಗಿಲ ಹತ್ತಿರ ಕೈಕಟ್ಟಿ ನಿಲ್ಲುತ್ತಿದ್ದರು, ಕ್ಲಾಸಿಗೆ ಬಂದವರೇ ವಾರ್ಧಕ ಷಟ್ಪದಿಯನ್ನು ರಾಗವಾಗಿ ಹಾಡುತ್ತಿದ್ದರು. ಸಕಲೇಶಪುರದ ತೋಟಗಳ ಕಡೆಯಿಂದ ಬಂದು ಬೋರ್ಡಿಂಗಿನಲ್ಲಿದ್ದ ಹುಡುಗರಿಗೆ ಸಂಜೆ ಮತ್ತೆ ಕೂರಿಸಿ ಕಾಗುಣಿತ ತಿದ್ದಿಸುತ್ತಿದ್ದರು, ಅದಕ್ಕೆ ಸಂಬಳವಿರಲಿಲ್ಲ. ಹೊಲಿಗೆ ಟೀಚರಮ್ಮನಂತೂ ಜ್ವರ ಬಂದ ಹುಡುಗಿಯರನ್ನು ತಾವೇ ರೆಡ್‌ಫರ್ನ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಗುಣವಾಗುವವರೆಗೆ ದಿನಾ ಗಂಜಿ ಒಯ್ಯುತ್ತಿದ್ದರು. 1906ರಿಂದ ಇರುವ ಆ ಆಸ್ಪತ್ರೆಯೂ ಅದೇ ಮಿಷನ್ನಿನದು.

ಈ ಪುಸ್ತಕದಲ್ಲಿ ಮೇಷ್ಟ್ರುಗಳ ಹೆಸರು ಮೊದಲು ಬರಬೇಕು, ಪ್ರಿನ್ಸಿಪಾಲರದು ಆಮೇಲೆ. ಕಮಿಟಿಯಲ್ಲಿ ಈ ಮಾತು ಎತ್ತಿದ್ದೇನೆ, ಬಿಡುವವನಲ್ಲ. ನಿಮ್ಮಕ್ಕ ಟೀಚರಮ್ಮನ ಹತ್ತಿರವೇ ಹೊಲಿಗೆ ಕಲಿತವರಲ್ಲವೇ? ಟೀಚರಮ್ಮನ ಪೂರ್ತಿ ಹೆಸರು, ಊರು, ಕೆಲಸಕ್ಕೆ ಸೇರಿದ ವರ್ಷ ಕೇಳಿ ಬರೆ. ಅಕ್ಕನ ಪೆಟ್ಟಿಗೆಯಲ್ಲಿ ಆ ಕಾಲದ ಗ್ರೂಪ್ ಫೋಟೋ ಇದ್ದರೆ ಅದರ ಹಿಂದೆ ಹೆಸರು ಬರೆದಿರುತ್ತಾರೆ, ಎರಡೂ ಕಡೆ ಫೋಟೋ ತೆಗೆದು ಕಳಿಸು. ಈ ತಿಂಗಳೊಳಗೆ ಸಿಕ್ಕಿದರೆ ಪ್ರೆಸ್ಸಿಗೆ ಕೊಡುವುದರೊಳಗೆ ಸೇರಿಸಬಹುದು.

ಇತಿ ನಿನ್ನ ಗೆಳೆಯ