ವರ್ಷವರ್ಷ ಡಾಕ್ಟರನ್ನು ಕಾಣು, ವರ್ಷವರ್ಷ ಟೆಸ್ಟ್ ಬೇಡ

ತಿಪಟೂರು

ಚಿ. ಸೌ. ಸುಮಾಳಿಗೆ ಚಿಕ್ಕಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಮೊನ್ನೆ ನೀನು ಆಫೀಸಿನ ಕ್ಯಾಬಿನಲ್ಲಿ ಕೂತು ಪಿಸುಗುಟ್ಟಿದ್ದರಲ್ಲಿ ಅರ್ಧ ಕೇಳಿಸಿತು, ಅರ್ಧ ಊಹಿಸಿಕೊಂಡೆ. ಇಂಥದ್ದು ಫೋನಿನಲ್ಲಿ ಆಗುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆಫೀಸಿನವರು ಕೊಡುವ ಹೆಂಗಸರ ಆರೋಗ್ಯ ತಪಾಸಣೆಯ ಪ್ಯಾಕೇಜನ್ನು ಪ್ರತಿ ವರ್ಷ ಮಾಡಿಸಲೇಬೇಕು ಅಂತ ನಿನ್ನ ಗೆಳತಿ ಹೇಳುತ್ತಾಳೆ. ಏನೂ ತೊಂದರೆ ಇಲ್ಲದೆ ಲೇಡಿ ಡಾಕ್ಟರ್ ಹತ್ತಿರ ಯಾಕೆ ಹೋಗಬೇಕು ಅಂತ ನಿಮ್ಮಮ್ಮ. ನಾನು ಇಬ್ಬರ ಕಡೆಗೂ ಇಲ್ಲ. ಆರೋಗ್ಯ ಇಲಾಖೆಯಲ್ಲಿ ಸಿಸ್ಟರ್ ಆಗಿ ಹಳ್ಳಿ ಸುತ್ತಿದವಳು ನಾನು. ಹೆದರಿಕೊಂಡು ಹತ್ತು ಟೆಸ್ಟ್ ಮಾಡಿಸುವವರನ್ನೂ ನೋಡಿದ್ದೇನೆ, ಸೀರೆ ನೆನೆಯುವಷ್ಟು ರಕ್ತ ಹೋದರೂ ಬಾಯಿ ಬಿಡದವರನ್ನೂ ನೋಡಿದ್ದೇನೆ.

ವರ್ಷಕ್ಕೊಮ್ಮೆ ಡಾಕ್ಟರನ್ನು ಕಾಣುವುದು ಒಳ್ಳೆಯದು. ಆದರೆ ಅಲ್ಲಿ ಆಗಬೇಕಾದದ್ದು ಬಹುಪಾಲು ಮಾತು. ಮುಟ್ಟು ಸರಿಯಾಗಿ ಬರುತ್ತಿದೆಯೇ, ಎಷ್ಟು ಹೋಗುತ್ತದೆ, ಮಗು ಈಗ ಬೇಕೋ ಆಮೇಲೋ, ಬೇಡವಾದರೆ ಏನು ಉಪಾಯ, ಇವೆಲ್ಲ. ಜೊತೆಗೆ ಬಿಪಿ, ತೂಕ, ಹಿಮೋಗ್ಲೋಬಿನ್. ಹಿಮೋಗ್ಲೋಬಿನ್ ಅಂದರೆ ಮೂಗು ಮುರಿಯಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಮಗು ಬೇಕು ಅಂತ ಮನಸ್ಸು ಮಾಡಿದರೆ ಒಂದು ತಿಂಗಳಾದರೂ ಮುಂಚೆ ಫೋಲಿಕ್ ಆಸಿಡ್ ಮಾತ್ರೆ ಶುರುವಾಗಬೇಕು. ಬಸುರಿ ಅಂತ ಗೊತ್ತಾದ ಮೇಲೆ ಓಡುವುದಲ್ಲ. ಏನೂ ತೊಂದರೆ ಇಲ್ಲದವಳಿಗೆ ವರ್ಷವರ್ಷ ಒಳಪರೀಕ್ಷೆ ಮಾಡಲೇಬೇಕು ಅಂತೇನಿಲ್ಲ. ಯಾಕೆ ಮಾಡುತ್ತೀರಿ ಅಂತ ಕೇಳು. ಕೇಳಿದರೆ ಮುನಿಸಿಕೊಳ್ಳುವ ಡಾಕ್ಟರಾದರೆ ಬೇರೆಯವರನ್ನು ನೋಡು.

ಇನ್ನು ಪ್ಯಾಪ್ ಟೆಸ್ಟಿನ ಮಾತು, ಅಂದರೆ ಗರ್ಭಕೋಶದ ಕೊರಳಿನಿಂದ ಒಂದಿಷ್ಟು ಜೀವಕೋಶ ಸವರಿ ತೆಗೆದು ನೋಡುವ ಪರೀಕ್ಷೆ. ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬರುವುದು ಎಚ್‌ಪಿವಿ ಅನ್ನುವ ವೈರಾಣುವಿನಿಂದ. ಅದು ಮೈ ಸೇರಿದರೂ ಬಹಳಷ್ಟು ಜನಕ್ಕೆ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಹೋಗದೆ ಉಳಿದರೆ ಮಾತ್ರ ಅಪಾಯ. ಅದು ಕ್ಯಾನ್ಸರಾಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಆದ್ದರಿಂದ ಮೂವತ್ತು ದಾಟಿದ ನಿನ್ನಂಥವಳಿಗೆ ಪ್ಯಾಪ್ ಆದರೆ ಮೂರು ವರ್ಷಕ್ಕೊಮ್ಮೆ, ಆ ವೈರಾಣುವನ್ನೇ ಹುಡುಕುವ ಎಚ್‌ಪಿವಿ ಟೆಸ್ಟ್ ಆದರೆ ಐದು ವರ್ಷಕ್ಕೊಮ್ಮೆ ಸಾಕು. ರಿಪೋರ್ಟಿನಲ್ಲಿ ಏನಾದರೂ ಕಂಡರೆ, ಇಲ್ಲವೇ ಎಚ್‌ಐವಿಯಂಥ ಕಾಯಿಲೆಯಿಂದ ಮೈಯ ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ಆ ಲೆಕ್ಕ ಬೇರೆ. ವರ್ಷವರ್ಷ ಮಾಡಿಸಿದರೆ, ತಾನಾಗಿ ಮಾಯವಾಗುವ ಸಣ್ಣಪುಟ್ಟ ಬದಲಾವಣೆಗಳೂ ಕಣ್ಣಿಗೆ ಬಿದ್ದು ಬೇಡದ ಚಿಕಿತ್ಸೆ ಶುರುವಾಗುತ್ತದೆ. ಆ ಕೊರಳಿನ ಭಾಗವನ್ನು ಸುಮ್ಮನೆ ಕತ್ತರಿಸಿದರೆ ಮುಂದೆ ಬಸುರಾದಾಗ ತಿಂಗಳು ತುಂಬುವ ಮುಂಚೆ ಹೆರಿಗೆಯಾಗುವ ಸಾಧ್ಯತೆ ಹೆಚ್ಚುತ್ತದೆ.

ಸರ್ಕಾರಿ ಲೆಕ್ಕದಲ್ಲಿ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ತಪಾಸಣೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡುವುದು ವಿಐಎ: ಅಸಿಟಿಕ್ ಆಸಿಡ್ ದ್ರಾವಣ ಸವರಿ, ಕೊರಳಿನ ಮೇಲೆ ಬಿಳಿ ಮಚ್ಚೆ ಏಳುತ್ತದೆಯೇ ಅಂತ ನೋಡುತ್ತಾರೆ. ಕಾಸು ಖರ್ಚಿಲ್ಲ, ಫಲಿತಾಂಶ ಅಲ್ಲೇ. ಎಚ್‌ಪಿವಿ ಟೆಸ್ಟ್ ಇದಕ್ಕಿಂತ ಮೇಲು. ನಮ್ಮ ಬೀದರ್ ಜಿಲ್ಲೆಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದಿನಲ್ಲಿ (ಈಗ ಅದು ಧಾರಾಶಿವ) 30ರಿಂದ 59ರ ವಯಸ್ಸಿನ ಲಕ್ಷಕ್ಕೂ ಮೀರಿದ ಹಳ್ಳಿ ಹೆಂಗಸರನ್ನು ಗುಂಪು ಮಾಡಿ ಅಧ್ಯಯನ ಮಾಡಿದ್ದರು. 2009ರಲ್ಲಿ ಬಂದ ಅದರ ಫಲಿತಾಂಶದಲ್ಲಿ, ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿದಿತ್ತು. ಪದೇ ಪದೇ ಮಾಡಿಸಿದ್ದರಿಂದಲ್ಲ, ಒಮ್ಮೆ ಮಾಡಿಸಿದ್ದರಿಂದ!

ನಿನ್ನ ಪ್ಯಾಕೇಜಿನಲ್ಲಿ ಸಿಎ-125 ಅಂತ ಒಂದು ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಇದೆ ಅಂದೆಯಲ್ಲ, ಅದನ್ನು ಬಿಟ್ಟುಬಿಡು. ಮುಟ್ಟಿನ ದಿನಗಳಲ್ಲೂ, ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದರೂ ಸಿಎ-125 ಏರುತ್ತದೆ. ಬ್ರಿಟನ್ನಿನಲ್ಲಿ ಎರಡು ಲಕ್ಷ ಹೆಂಗಸರ ಮೇಲೆ ಇದನ್ನೇ ಪರೀಕ್ಷಿಸಿ ನೋಡಿ, ಅಂಡಾಶಯದ ಕ್ಯಾನ್ಸರಿನ ಸಾವು ಇದರಿಂದ ಕಡಿಮೆಯಾಗಲಿಲ್ಲ ಅಂತ 2021ರಲ್ಲಿ ಹೇಳಿದರು. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದವರ ಮಾತು ಬೇರೆ. ದೇವರ ದಯೆ, ನಮ್ಮ ಕಡೆ ಯಾರಿಗೂ ಇರಲಿಲ್ಲ. ನಿಮ್ಮಪ್ಪನ ಕಡೆಯದನ್ನು ವಿಚಾರಿಸು. ಅಪ್ಪನ ಕಡೆಯದೂ ಲೆಕ್ಕಕ್ಕೆ ಬರುತ್ತದೆ, ಇದನ್ನು ಯಾರೂ ಕೇಳುವುದೇ ಇಲ್ಲ.

ಈ ಮೂರು ವರ್ಷ ಐದು ವರ್ಷದ ಲೆಕ್ಕವೆಲ್ಲ ಮೈ ಸರಿಯಾಗಿದ್ದಾಗ ಮಾತ್ರ. ಎರಡು ಮುಟ್ಟಿನ ನಡುವೆ ರಕ್ತ ಕಂಡರೆ, ಗಂಡಹೆಂಡಿರು ಕೂಡಿದ ಮೇಲೆ ರಕ್ತ ಕಂಡರೆ, ಬಿಳಿಸೆರಗು ನಾತ ಹೊಡೆದರೆ, ಗಂಟೆಗೊಂದು ಪ್ಯಾಡ್ ತೋಯ್ದರೆ, ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ, ಹೋದ ವರ್ಷದ ರಿಪೋರ್ಟ್ ನಾರ್ಮಲ್ ಅಂತ ಸುಮ್ಮನಿರಬೇಡ. ಆ ವಾರವೇ ಹೋಗು.

ಇನ್ನೊಂದು ಮಾತು. ಬಿಳಿಸೆರಗಿಗೋ ಸಣ್ಣ ಫೈಬ್ರಾಯ್ಡಿಗೋ ‘ಗರ್ಭಕೋಶ ತೆಗೆಸಿಬಿಡಿ, ನಿಶ್ಚಿಂತೆ’ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬಂದು ಇನ್ನೊಬ್ಬ ಡಾಕ್ಟರನ್ನು ಕೇಳು. ಕಲಬುರಗಿ ಕಡೆ ಬಡ ಹೆಂಗಸರಿಗೆ ಹೀಗೇ ಹೆದರಿಸಿ ಗರ್ಭಕೋಶ ತೆಗೆದದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ನಿನಗೆ ಓದುಬರಹ ಇದೆ, ಸಂಬಳ ಇದೆ, ಆದರೂ ಹೇಳುತ್ತೇನೆ. ಮೇಜಿನ ಆಚೆ ಬಿಳಿ ಕೋಟು ಕಂಡರೆ ಓದಿದವರ ಬಾಯಿಯೂ ಕಟ್ಟಿಹೋಗುತ್ತದೆ.

ಪ್ಯಾಪ್ ಟೆಸ್ಟಿಗೆ ಹೋಗುವ ದಿನ ಮುಟ್ಟಿನ ದಿನವಾಗಿರಬಾರದು. ಮುಟ್ಟು ಶುರುವಾದ ಹತ್ತನೇ ದಿನದಿಂದ ಇಪ್ಪತ್ತನೇ ದಿನದೊಳಗೆ ಹೋದರೆ ಚೆಂದ. ಹಿಂದಿನ ಎರಡು ದಿನ ಕೂಡುವುದು, ಒಳಗೆ ಇಡುವ ಮಾತ್ರೆ, ಒಳಗೆ ನೀರು ಹಾಕಿ ತೊಳೆಯುವುದು, ಯಾವುದೂ ಬೇಡ. ಒಳಗೆ ಅಗಲಿಸಿ ನೋಡುವ ಸ್ಪೆಕ್ಯುಲಂ ಅನ್ನುವ ಸಾಧನ ಹಾಕಿದಾಗ ಇರುಸುಮುರುಸು ಆಗುತ್ತದೆ, ಒಂದೆರಡು ನಿಮಿಷ. ಸೊಂಟ ಬಿಗಿ ಹಿಡಿದಷ್ಟೂ ನೋವು, ಉಸಿರು ಬಿಟ್ಟು ಸಡಿಲವಾಗಿ ಮಲಗು. ನೋವಾದರೆ ನಿಲ್ಲಿಸಿ ಅನ್ನು.

ಈಗ ನಿಮ್ಮಮ್ಮನ ಸಂಗತಿ. ನನಗೆ ನಿನಗಿಂತ ಅಕ್ಕನ ಯೋಚನೆಯೇ ಹೆಚ್ಚು. ಐವತ್ತನಾಲ್ಕಾಯಿತು, ಮುಟ್ಟು ನಿಂತು ನಾಲ್ಕು ವರ್ಷ, ಇದುವರೆಗೆ ಒಂದು ಸಲವೂ ಗರ್ಭಕೋಶದ ಕೊರಳಿನ ತಪಾಸಣೆ ಇಲ್ಲ. ಅವಳೊಬ್ಬಳೇ ಅಲ್ಲ, ಮೇಲೆ ಹೇಳಿದ 2019-21ರ ಸಮೀಕ್ಷೆಯಲ್ಲಿ 30ರಿಂದ 49ರ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಮುಟ್ಟು ನಿಂತವರಿಗೆ ವಿಐಎ ಅಷ್ಟು ಸರಿಹೊಂದುವುದಿಲ್ಲ, ನೋಡಬೇಕಾದ ಭಾಗ ಒಳಗೆ ಸರಿದಿರುತ್ತದೆ. ಅವಳಿಗೆ ಎಚ್‌ಪಿವಿ ಟೆಸ್ಟೇ ಮಾಡಿಸು. ಆ ಟೆಸ್ಟಿಗೆ ಸ್ಯಾಂಪಲನ್ನು ಹೆಂಗಸು ತಾನೇ ಬ್ರಷ್ ಹಾಕಿ ತೆಗೆದುಕೊಟ್ಟರೂ ಆಗುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ನೀವು ಹೋಗುವ ಕಡೆ ಆ ಸೌಲಭ್ಯ ಇದೆಯೇ ಮೊದಲೇ ಕೇಳಿಟ್ಟುಕೊ, ಅವಳ ನಾಚಿಕೆಗೆ ಅದೇ ಮದ್ದು. ಸ್ತನ ಪರೀಕ್ಷೆಯೂ ಆಗಲಿ, ಮ್ಯಾಮೊಗ್ರಾಮ್ ಬೇಕೇ ಅಂತ ಡಾಕ್ಟರನ್ನು ಕೇಳು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಮುಚ್ಚಿಡಬಾರದು ಅಂತ ನೀನು ಬಾಯಿಬಿಟ್ಟು ಹೇಳು. ನಾನು ಹೇಳಿದರೆ ‘ನೀನು ಸಿಸ್ಟರ್ ಬುದ್ಧಿ ಬಿಡಲ್ಲ’ ಅಂತ ನಕ್ಕು ಮಾತು ತೇಲಿಸುತ್ತಾಳೆ.

ನವರಾತ್ರಿಗೆ ಅವಳು ಬೆಂಗಳೂರಿಗೆ ಬರುತ್ತಾಳಂತೆ. ಇಬ್ಬರ ಅಪಾಯಿಂಟ್‌ಮೆಂಟೂ ಒಂದೇ ದಿನಕ್ಕೆ ತೆಗೆದುಕೊ. ಬೆಳಗಿನ ಹೊತ್ತೇ ಇರಲಿ, ಮಧ್ಯಾಹ್ನಕ್ಕೆ ಇಟ್ಟರೆ ಅಡುಗೆಯ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ.

ಇತಿ,
ನಿನ್ನ ಚಿಕ್ಕಮ್ಮ